ಮನೆ ಮತ್ತು ಮನೆಯೊಡೆಯರು

ನಮ್ಮ ಹಳ್ಳಿಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಮನೆಯೊಂದು ಮಾರಾಟವಾಗಿ ಎಷ್ಟೋ ವರ್ಷಗಳು ಕಳೆದಿರುತ್ತವೆ. ಕಂದಾಯದ ಕಾಗದಪತ್ರಗಳಲ್ಲಿ ಒಡೆಯರ ಹೆಸರು ಎರಡು ಮೂರು ಬಾರಿ ಬದಲಾಗಿರುತ್ತದೆ. ಆದರೂ ಊರವರ ಬಾಯಲ್ಲಿ ಅದು 'ಶಾನುಭೋಗರ ಮನೆ'ಯಾಗಿಯೋ 'ಪಟೇಲರ ಮನೆ'ಯಾಗಿಯೋ ಉಳಿದಿರುತ್ತದೆ. ಶಾನುಭೋಗಿಕೆಯೂ ಪಟೇಲಿಕೆಯೂ ಹೋಗಿ ಹಲವು ದಶಕಗಳೇ ಸಂದವು. ಆ ಮನೆಯ ಪಡಸಾಲೆಯಲ್ಲಿ ಇಂದು ಅಂಗಡಿಯಿರಬಹುದು, ಒಳಕೋಣೆಗಳಲ್ಲಿ ಬಾಡಿಗೆಯವರಿರಬಹುದು. ಹೆಸರು ಮಾತ್ರ ಹಳೆಯದೇ.

ಹಾಗಾದರೆ ಒಂದು ಮನೆ ನಿಜವಾಗಿ ಯಾರದು? ಕಟ್ಟಿಸಿದವರದೇ? ಹಣ ಕೊಟ್ಟು ಕೊಂಡವರದೇ? ಅದರೊಳಗೆ ಬಾಳಿ ಬದುಕಿದವರದೇ? ಅಥವಾ ಅದು ಬೀಳದಂತೆ ನೋಡಿಕೊಂಡವರದೇ? ಪ್ರಶ್ನೆ ಸರಳವಾಗಿ ತೋರಿದರೂ ಉತ್ತರ ಅಷ್ಟು ಸರಳವಲ್ಲ. ಮನೆಯೊಂದರ ಚರಿತ್ರೆಯನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಿ ನೋಡಿದರೆ ಉತ್ತರ ಸ್ವಲ್ಪಮಟ್ಟಿಗೆ ಸ್ಪಷ್ಟವಾದೀತು.

ಇಂತಹ ವಿಚಾರಕ್ಕೆ ಚಾಮರಾಜನಗರವೇ ಒಳ್ಳೆಯ ಪ್ರಾರಂಭಸ್ಥಾನ. ಈ ಊರಿನ ಹಿಂದಿನ ಹೆಸರು ಅರಿಕುಠಾರ. ಇಲ್ಲಿನ ಅರಸು ಮನೆತನವೊಂದರಲ್ಲಿ 1774ರಲ್ಲಿ ಜನಿಸಿದ ಬಾಲಕನು ಮುಂದೆ ಮೈಸೂರಿನ ಸಿಂಹಾಸನಕ್ಕೆ ಆಯ್ಕೆಯಾಗಿ ಖಾಸಾ ಚಾಮರಾಜ ಒಡೆಯರೆನಿಸಿದನು. ರಾಜರೆಂಬ ಹೆಸರು ಅವರದಾಗಿದ್ದರೂ ರಾಜ್ಯಾಧಿಕಾರವು ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಕೈಯಲ್ಲಿತ್ತು. 1796ರಲ್ಲಿ ಅವರು ತೀರಿಕೊಂಡ ಮೇಲೆ ರಾಜಮನೆತನದವರು ಶ್ರೀರಂಗಪಟ್ಟಣದ ಅರಮನೆಯನ್ನು ಬಿಟ್ಟು ಸಾಮಾನ್ಯವಾದ ಮನೆಯೊಂದರಲ್ಲಿ ದಿನ ಕಳೆಯಬೇಕಾಯಿತು. 1799ರಲ್ಲಿ ಅವರ ಎಳೆಯ ಮಗನಿಗೆ ಪಟ್ಟಾಭಿಷೇಕವಾಯಿತು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆ ಹುಟ್ಟಿದ ಊರನ್ನು ಅವರು ಮರೆಯಲಿಲ್ಲ. ಊರಿಗೆ ತಂದೆಯ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆ ಜನಿಸಿದ ಸ್ಥಳದಲ್ಲಿ ಮಂಟಪವೊಂದನ್ನು ನಿಲ್ಲಿಸಿದರು. ಅದೇ ಇಂದಿಗೂ ಇರುವ ಜನನ ಮಂಟಪ. ಒಂದು ಕುಟುಂಬದ ಮನೆಯಿದ್ದ ನೆಲವು ಹೀಗೆ ಇಡೀ ಊರಿನ ನೆನಪಿನ ನೆಲವಾಯಿತು.

ಇದೇ ರಾಜಮನೆತನದ ಮತ್ತೊಂದು ಮನೆಯ ಚರಿತ್ರೆ ಇದಕ್ಕಿಂತಲೂ ವಿಸ್ತಾರವಾದುದು. ಅದನ್ನು ಕಾಣಬೇಕಾದರೆ ಮೈಸೂರಿಗೆ ಹೋಗಬೇಕು. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರಿಗೆ ಸುಮಾರು 60 ಕಿಲೋಮೀಟರು. ಎರಡು ಹಾದಿಗಳೂ ನಂಜನಗೂಡನ್ನು ದಾಟಿಕೊಂಡೇ ಹೋಗುತ್ತವೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎರಡು ಊರುಗಳೂ ಮೈಸೂರು ಜಿಲ್ಲೆಗೇ ಸೇರಿದ್ದವು. ಆದ್ದರಿಂದ ಮೈಸೂರಿನ ಆ ಮನೆಯ ಕಥೆ ನಮಗೆ ಪರಕೀಯವಲ್ಲ. ಅದರ ಹೆಸರು ಜಯಲಕ್ಷ್ಮೀ ವಿಲಾಸ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಈ ಎರಡು ಕಷ್ಟಗಳೂ ಮೈಸೂರಿನ ಅರಮನೆಗೆ ಒಂದೇ ವರ್ಷದಲ್ಲಿ ಬಂದೊದಗಿದವು. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ಅಕಾಲ ಮರಣವನ್ನಪ್ಪಿದ್ದರು. ಯುವರಾಜ ಕೃಷ್ಣರಾಜರು ಇನ್ನೂ ಬಾಲಕರಾಗಿದ್ದುದರಿಂದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯಭಾರದ ಹೊಣೆ ಹೊತ್ತಿದ್ದರು. 1897ರಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹವು ಕಾಂತರಾಜ ಅರಸರೊಡನೆ ನೆರವೇರಿತು. ಆ ಮದುವೆಯ ಸಂಭ್ರಮದ ನಡುವೆಯೇ ಮರದ ಹಳೆಯ ಅರಮನೆಗೆ ಬೆಂಕಿ ಹತ್ತಿ ಅದರ ಬಹುಭಾಗ ಸುಟ್ಟುಹೋಯಿತು. ಇಂದು ನಾವು ಕಾಣುವ ಅಂಬಾವಿಲಾಸ ಅರಮನೆಯು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಆ ಬಳಿಕ ಕಟ್ಟಲ್ಪಟ್ಟು 1912ರಲ್ಲಿ ಪೂರ್ಣಗೊಂಡಿತು.

ಅರಮನೆಯ ನಿರ್ಮಾಣ ನಡೆದಿರುವಾಗಲೇ ರಾಜಕುಮಾರಿಯರ ವಾಸಕ್ಕೆಂದು ನಗರದ ಅಂಚಿನಲ್ಲಿ ಬೇರೆ ಬೇರೆ ಭವನಗಳು ಎದ್ದವು. ಹಿರಿಯ ಮಗಳಿಗೆ ಕುಕ್ಕರಹಳ್ಳಿ ಕೆರೆಯ ಬದಿಯ ದಿಬ್ಬದ ಮೇಲೆ ಜಯಲಕ್ಷ್ಮೀ ವಿಲಾಸ. ಎರಡನೆಯವರಾದ ಕೃಷ್ಣಾಜಮ್ಮಣ್ಣಿಯವರಿಗೆ ಕಾರಂಜಿ ಕೆರೆಯ ಬಳಿ ಕಾರಂಜಿ ಭವನ. ಮೂರನೆಯವರಾದ ಚೆಲುವಾಜಮ್ಮಣ್ಣಿಯವರಿಗೆ ಈಗಿನ ಕೃಷ್ಣರಾಜಸಾಗರದ ರಸ್ತೆಯಲ್ಲಿ ಚೆಲುವಾಂಬಾ ಭವನ. ಇವುಗಳಲ್ಲಿ ಜಯಲಕ್ಷ್ಮೀ ವಿಲಾಸವು 1905ರಲ್ಲಿ ಸಿದ್ಧವಾಯಿತು.

ಈ ಭವನಗಳು ಕೋಟೆಯೊಳಗಲ್ಲದೆ ಊರ ಹೊರಗೆ ಏಕೆ ನಿರ್ಮಾಣವಾದವು? ಅದಕ್ಕೆ ಕಾಲದ ಪ್ರಭಾವವೇ ಕಾರಣ. ಹಿಂದೆ ಸುರಕ್ಷಿತವಾದ ಮನೆ ಎಂದರೆ ಕೋಟೆಯ ಒಳಗಿನ ಮನೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಯುದ್ಧಭಯ ತಗ್ಗಿ ರೋಗಭಯ ಹೆಚ್ಚಿತು. ವಿಕ್ಟೋರಿಯಾ ರಾಣಿಯು ಆಳಿದ 1837ರಿಂದ 1901ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ ಅನುಕೂಲಸ್ಥರು ಹೊಗೆ ತುಂಬಿದ ನಗರಗಳನ್ನು ಬಿಟ್ಟು, ರೈಲುಮಾರ್ಗಗಳು ಒದಗಿಸಿದ ಅನುಕೂಲದಿಂದ ಹೊರವಲಯಗಳಲ್ಲಿ ತೋಟಸಹಿತವಾದ ಮನೆಗಳನ್ನು ಕಟ್ಟಿಸಿಕೊಂಡರು. ಅದೇ ಅಭಿರುಚಿ ಭಾರತದ ದಂಡುಪ್ರದೇಶಗಳಿಗೂ ದೇಶೀಯ ಸಂಸ್ಥಾನಗಳಿಗೂ ಹಬ್ಬಿತು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಬೀದಿಗಳಲ್ಲಿ, ಗಾಳಿಬೆಳಕಿಲ್ಲದ ಮನೆಗಳಲ್ಲಿ ರೋಗವು ಬೇಗ ಹರಡುವುದೆಂಬುದು ಜನರ ಅನುಭವಕ್ಕೆ ಬಂತು. 1903ರಲ್ಲಿ ಮೈಸೂರು ನಗರದ ಅಭಿವೃದ್ಧಿಗಾಗಿ ವಿಶ್ವಸ್ತ ಮಂಡಲಿಯೊಂದು ಏರ್ಪಟ್ಟು, ಹೊಸ ಬಡಾವಣೆಗಳು ರೂಪುಗೊಂಡವು. ವಿಶಾಲವಾದ ಅಂಗಳ, ಸುತ್ತಲೂ ಮರಗಿಡ, ಎಲ್ಲ ಕಡೆಗೂ ಕಿಟಕಿ, ಇವು ಆ ಕಾಲದ ಆದರ್ಶ ಗೃಹದ ಲಕ್ಷಣಗಳಾದವು.

ಜಯಲಕ್ಷ್ಮೀ ವಿಲಾಸದಲ್ಲಿ ಈ ಲಕ್ಷಣಗಳೆಲ್ಲವೂ ಇದ್ದವು. ಅದರ ಕೆಳಗಿರುವ ಕುಕ್ಕರಹಳ್ಳಿ ಕೆರೆಯು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಿತವಾದುದು. ಕೆರೆಯ ಮೇಲಿನ ಗಾಳಿ ಭವನದತ್ತ ಬೀಸುತ್ತಿತ್ತು. ನೂರಕ್ಕೂ ಹೆಚ್ಚು ಕೊಠಡಿಗಳು, ಸಾಲುಗಟ್ಟಿದ ಜೋಡಿಗಂಬಗಳು, ತ್ರಿಕೋನಾಕಾರದ ಮುಖಶಿಖರಗಳು ಐರೋಪ್ಯ ಶೈಲಿಯನ್ನು ಅನುಸರಿಸಿದವು. ಒಳಗಿನ ಕಲ್ಯಾಣ ಮಂಟಪ, ಪೂಜೆಯ ಸ್ಥಳ, ಕೆತ್ತನೆಯ ಬಾಗಿಲುಗಳು ಮಾತ್ರ ನಮ್ಮ ಪದ್ಧತಿಯವೇ. ಹೊರಗಿನ ಉಡುಪು ಪರದೇಶದ್ದು, ಒಳಗಿನ ಬಾಳು ಈ ನೆಲದ್ದು. ಅಂದಿನ ಮೈಸೂರಿನ ಪ್ರತಿಷ್ಠಿತ ಮನೆತನಗಳ ಜೀವನಕ್ರಮವೇ ಹಾಗಿತ್ತು.

ಈ ಭವನದ ಮೊದಲ ಒಡತಿ ಜಯಲಕ್ಷ್ಮಮ್ಮಣ್ಣಿಯವರು. ಅವರ ಪತಿ ಕಾಂತರಾಜ ಅರಸರು ಸಂಸ್ಥಾನದ ಆಡಳಿತದಲ್ಲಿ ಉನ್ನತ ಹುದ್ದೆಗಳನ್ನು ನಿರ್ವಹಿಸಿ, ಸರ್ ಎಂ. ವಿಶ್ವೇಶ್ವರಯ್ಯನವರ ತರುವಾಯ 1919ರಿಂದ 1922ರವರೆಗೆ ಮೈಸೂರಿನ ದಿವಾನರಾದರು. ಅವರ ಹೆಸರಿನ ರಸ್ತೆಯೊಂದು ಮೈಸೂರಿನಲ್ಲಿ ಇಂದಿಗೂ ಇದೆ. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರೇ ಇದ್ದಿರಲಾರರಷ್ಟೆ! ನೀರು ಸೇದುವವರು, ಅಡುಗೆಯವರು, ತೋಟದವರು, ಕುದುರೆಲಾಯದವರು, ದೀಪ ಹಚ್ಚುವವರು, ಬಾಗಿಲು ಕಾಯುವವರು ಎಷ್ಟು ಮಂದಿ ಬೇಕಾಗಿತ್ತೋ! ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ಅಷ್ಟೊಂದು ಕಿಟಕಿಗಳನ್ನು ತೆರೆದವರು ಅವರು; ರಾತ್ರಿ ಎಲ್ಲರೂ ಮಲಗಿದ ಮೇಲೆ ಮುಚ್ಚಿದವರೂ ಅವರೇ. ಭವನದ ಹೆಸರಿನಲ್ಲಿ ಒಡತಿಯ ಹೆಸರು ಉಳಿದಿದೆ. ಇವರ ಹೆಸರುಗಳು ಯಾವ ಗೋಡೆಯ ಮೇಲೂ ಇಲ್ಲ. ಮನೆಯೊಂದರ ಚರಿತ್ರೆಯನ್ನು ಓದುವಾಗ ಈ ಮಾತನ್ನು ಮರೆಯಬಾರದು.

ಕಾಲಚಕ್ರ ಉರುಳಿತು. 1947ರಲ್ಲಿ ದೇಶವು ಸ್ವತಂತ್ರವಾಯಿತು. ಮೈಸೂರು ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿತು. ರಾಜ್ಯದ ಆದಾಯವು ಪ್ರಜಾಸರ್ಕಾರದ ಕೈಗೆ ಬಂದ ಮೇಲೆ ನೂರಾರು ಕೊಠಡಿಗಳ ಭವನಗಳನ್ನು ಸಾಕುವುದು ಯಾವ ಮನೆತನಕ್ಕೂ ಸುಲಭವಾಗಿ ಉಳಿಯಲಿಲ್ಲ. ಇದು ನಮ್ಮ ದೇಶದ ರಾಜಮನೆತನಗಳಿಗೆ ಮಾತ್ರ ಒದಗಿದ ಸ್ಥಿತಿಯಲ್ಲ. ಇಂಗ್ಲೆಂಡಿನಲ್ಲಿಯೂ ಎರಡು ಮಹಾಯುದ್ಧಗಳ ಬಳಿಕ ಆಳುಕಾಳುಗಳು ದೊರೆಯದೆ, ವೆಚ್ಚ ನಿಭಾಯಿಸಲಾರದೆ, ಹೊರವಲಯದ ಹಳೆಯ ದೊಡ್ಡ ಮನೆಗಳಲ್ಲಿ ಅನೇಕವನ್ನು ಭಾಗಮಾಡಿ ಹಲವು ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟರು; ಕೆಲವು ಶಾಲೆಗಳಾದವು, ಕೆಲವು ಶುಶ್ರೂಷಾಲಯಗಳಾದವು, ಮತ್ತೆ ಕೆಲವು ನೆಲಸಮವಾದವು. ಒಡೆಯನ ಸಂಪತ್ತು ಕರಗಿದಾಗ ಮನೆಗೆ ಇರುವ ಹಾದಿಗಳು ಎರಡೇ: ಹೊಸ ಉಪಯೋಗವನ್ನು ಪಡೆಯುವುದು, ಇಲ್ಲವೇ ಬೀಳುವುದು.

ಮೈಸೂರಿನ ಮೂರು ಭವನಗಳೂ ಹೊಸ ಉಪಯೋಗವನ್ನು ಪಡೆದವು. ಚೆಲುವಾಂಬಾ ಭವನದಲ್ಲಿ 1950ರಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾಯಿತು. ಎಮ್ಮೆಯ ಹಾಲಿನಿಂದ ಶಿಶುಗಳಿಗೆ ಆಹಾರವನ್ನು ತಯಾರಿಸುವ ವಿಧಾನವು ರೂಪುಗೊಂಡುದು ಈ ಸಂಸ್ಥೆಯಲ್ಲಿಯೇ. ಕಾರಂಜಿ ಭವನವು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ದೇಶದ ನಾನಾ ಕಡೆಯ ಪತ್ರಗಳನ್ನು ತಲುಪಿಸುವ ನೌಕರರು ಅಲ್ಲಿ ಶಿಕ್ಷಣ ಪಡೆದರು. ಆ ಭವನದ ಒಡತಿಯಾಗಿದ್ದ ಕೃಷ್ಣಾಜಮ್ಮಣ್ಣಿಯವರ ಬಾಳು ಮಾತ್ರ ದುಃಖಮಯವಾದುದು. ಅವರು ಚಿಕ್ಕ ವಯಸ್ಸಿನಲ್ಲಿಯೇ ಕ್ಷಯರೋಗಕ್ಕೆ ತುತ್ತಾದರು. ಕ್ಷಯಕ್ಕೆ ಅಂದು ಔಷಧವಿರಲಿಲ್ಲ. ಗಾಳಿಬೆಳಕಿನ ಭವನವೂ ಅವರನ್ನು ಉಳಿಸಲಾಗಲಿಲ್ಲ. ಸೋದರ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವನ್ನು ಸ್ಥಾಪಿಸಿದರು. ತಂಗಿಗಾಗಿ ಕಟ್ಟಿದ ಭವನದಲ್ಲಿ ಆಕೆ ಬಾಳಿದ್ದು ಅಲ್ಪಕಾಲ. ಆಕೆಯ ಹೆಸರಿನ ಆರೋಗ್ಯಧಾಮದಲ್ಲಿ ಚಿಕಿತ್ಸೆ ಪಡೆದವರು ಅಸಂಖ್ಯ.

ಇನ್ನು ಜಯಲಕ್ಷ್ಮೀ ವಿಲಾಸಕ್ಕೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾದುದು. ನಾಲ್ಕು ದಶಕಗಳಲ್ಲಿ ಅದು ಬೆಳೆದು, ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರತ್ಯೇಕವಾದ ವಿಶಾಲ ಆವರಣವು ಬೇಕೆನಿಸಿತು. 1956ರಿಂದ 1960ರವರೆಗೆ ಕುವೆಂಪು ಅವರು ಅಲ್ಲಿ ಕುಲಪತಿಗಳಾಗಿದ್ದರು. ಅವರ ಕಾಲದಲ್ಲಿ, 1959ರಲ್ಲಿ, ವಿಶ್ವವಿದ್ಯಾನಿಲಯವು ಈ ಭವನವನ್ನು ಕೊಂಡುಕೊಂಡಿತು. ಹೊಸ ವಿದ್ಯಾಕ್ಷೇತ್ರಕ್ಕೆ ಕುವೆಂಪು ಅವರು 'ಮಾನಸಗಂಗೋತ್ರಿ' ಎಂಬ ಹೆಸರನ್ನಿಟ್ಟರು. ತೀರ್ಥಹಳ್ಳಿಯ ಕಡೆಯ ಕುಪ್ಪಳಿಯ ಮಲೆನಾಡಿನ ಮನೆಯಿಂದ ಓದಲು ಬಂದು, ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿ, ಅಧ್ಯಾಪಕರಾಗಿ, ಕೊನೆಗೆ ಕುಲಪತಿಗಳಾದವರು ಅವರು. ಒಂದು ಕುಟುಂಬದ ವಾಸಕ್ಕೆಂದು ಕಟ್ಟಿದ ಭವನದ ಬಾಗಿಲು ಅಂತಹ ಸಾವಿರಾರು ಹಳ್ಳಿಯ ಮಕ್ಕಳಿಗೆ ತೆರೆಯಿತು.

1960ರ ದಶಕದ ಕೊನೆಯ ಹೊತ್ತಿಗೆ ಭವನಕ್ಕೆ ಮತ್ತೊಂದು ಬಗೆಯ ನಿವಾಸಿಗಳು ಬಂದರು. ಇವರು ಮನುಷ್ಯರಲ್ಲ, ವಸ್ತುಗಳು. 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯ ಆಶ್ರಯದಲ್ಲಿ ಜಾನಪದ ವಸ್ತುಸಂಗ್ರಹಾಲಯವೊಂದು ರೂಪುಗೊಂಡಿತು. ವಿದ್ವಾಂಸರಾದ ಜೀ. ಶಂ. ಪರಮಶಿವಯ್ಯ, ಕಲಾವಿದರಾದ ಪಿ. ಆರ್. ತಿಪ್ಪೇಸ್ವಾಮಿ ಮೊದಲಾದವರು ಹಳ್ಳಿಹಳ್ಳಿಗಳನ್ನು ಸುತ್ತಿ ವಸ್ತುಗಳನ್ನು ಕೂಡಿಹಾಕಿದರು. ಜನರು ಹಳತೆಂದು ಅಟ್ಟಕ್ಕೆ ಎಸೆದವು, ಹಿತ್ತಿಲಲ್ಲಿ ಬಿಸಾಡಿದವು, ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕಲು ಎತ್ತಿಟ್ಟವು ಅವರ ಕಣ್ಣಿಗೆ ಅಮೂಲ್ಯವಾಗಿ ಕಂಡವು. ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು, ಸೋಮನ ಮುಖವಾಡಗಳು, ಕರಾವಳಿಯ ಭೂತದ ವಿಗ್ರಹಗಳು, ಬೇಸಾಯದ ಉಪಕರಣಗಳು, ಅಳತೆಯ ಸೇರುಗಳು, ಅಡುಗೆಮನೆಯ ಪಾತ್ರೆಪಡಗಗಳು ಹೀಗೆ ರಾಜಕುಮಾರಿಯ ಕೊಠಡಿಗಳನ್ನು ಪ್ರವೇಶಿಸಿದವು.

ಚಾಮರಾಜನಗರದ ಸೀಮೆಯವರಿಗೆ ಇದು ವಿಶೇಷವಾಗಿ ಅಭಿಮಾನದ ಸಂಗತಿ. ಕಂಸಾಳೆಯನ್ನು ಝಣಝಣಿಸುತ್ತ ಮಲೆಯ ಮಹದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರು, ತಂಬೂರಿಯನ್ನು ಮೀಟುತ್ತ ಮಂಟೇಸ್ವಾಮಿ ಸಿದ್ಧಪ್ಪಾಜಿಯರ ಕಥೆಯನ್ನು ಹಾಡುವ ನೀಲಗಾರರು ಈ ಸೀಮೆಯವರು. ರಾತ್ರಿಯಿಡೀ ಹಾಡಿದರೂ ಮುಗಿಯದ ಈ ಕಾವ್ಯಗಳು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದವು. ಅಕ್ಷರ ಬಾರದವರ ಹಾಡೆಂದು ಅವುಗಳನ್ನು ಕಡೆಗಣಿಸಿದವರೂ ಉಂಟು. ಮೈಸೂರಿನ ವಿದ್ವಾಂಸರು ಈ ಗಾಯಕರ ಎದುರು ಕುಳಿತು, ಕೇಳಿ, ಬರೆದುಕೊಂಡು, ಅಚ್ಚುಮಾಡಿಸಿದ ಮೇಲೆ ಅವು ಕನ್ನಡದ ಮಹಾಕಾವ್ಯಗಳೆಂಬ ಮನ್ನಣೆಯನ್ನು ಪಡೆದವು. ಒಂದು ಕಾಲಕ್ಕೆ ಅರಮನೆಯ ಹೊರಬಾಗಿಲಲ್ಲಿ ನಿಂತು ಕಾಣಿಕೆ ಪಡೆಯಬೇಕಾಗಿದ್ದ ಜನರ ಕಲೆಯು ಭವನದ ನಡುಮನೆಗೆ ಬಂದು ಕುಳಿತಿತು.

ಆದರೆ ಕಥೆ ಇಷ್ಟಕ್ಕೆ ಸುಖಾಂತವಾಗಲಿಲ್ಲ. ಮನೆ ಎಲ್ಲರದಾದಾಗ ಒಂದು ಅಪಾಯವೂ ಹುಟ್ಟಿಕೊಳ್ಳುತ್ತದೆ. ತನ್ನ ಮನೆಯ ಸೂರು ಸೋರಿದರೆ ಒಡೆಯನಿಗೆ ನಿದ್ದೆ ಬರುವುದಿಲ್ಲ. ಎಲ್ಲರ ಮನೆಯ ಸೂರು ಸೋರಿದರೆ, 'ಯಾರಾದರೂ ನೋಡಿಕೊಂಡಾರು' ಎಂದು ಎಲ್ಲರೂ ಸುಮ್ಮನಿರುತ್ತಾರೆ. ಹಳೆಯ ಕಟ್ಟಡ ಬೀಳುವ ಬಗೆಯನ್ನು ಗಮನಿಸಿದರೆ ಈ ಮಾತು ಅರ್ಥವಾಗುತ್ತದೆ. ಆ ಕಾಲದ ಕಟ್ಟಡಗಳನ್ನು ಇಟ್ಟಿಗೆ, ಮರ ಮತ್ತು ಸುಣ್ಣದ ಗಾರೆಯಿಂದ ಕಟ್ಟುತ್ತಿದ್ದರು. ಗಾರೆಯ ಗೋಡೆ ತೇವವನ್ನು ಹೀರಿದರೂ ಬಿಸಿಲುಗಾಳಿಗೆ ಅದನ್ನು ಮತ್ತೆ ಬಿಟ್ಟುಕೊಡುತ್ತದೆ. ಆದರೆ ವರ್ಷಕ್ಕೊಮ್ಮೆ ಚಾವಣಿಯ ಬಿರುಕುಗಳನ್ನು ಮುಚ್ಚಬೇಕು, ನೀರು ಹರಿಯುವ ದೋಣಿಗಳಲ್ಲಿ ಕಟ್ಟಿಕೊಂಡ ಎಲೆಯನ್ನು ತೆಗೆಯಬೇಕು. ಅಷ್ಟನ್ನು ಬಿಟ್ಟರೆ ಮಳೆಯ ನೀರು ತೊಲೆಗಳಿಗೆ ಇಳಿಯುತ್ತದೆ, ತೊಲೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಹಕ್ಕಿಗಳು ಬೀಳಿಸಿದ ಬೀಜದಿಂದ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಮೊಳೆಯುತ್ತದೆ. ಬೆರಳಿನಿಂದ ಕೀಳಬಹುದಾಗಿದ್ದ ಸಸಿಯ ಬೇರು ಹತ್ತು ವರ್ಷಗಳಲ್ಲಿ ಗೋಡೆಯನ್ನೇ ಸೀಳುತ್ತದೆ. ಗಾರೆಯ ಮೇಲೆ ಸಿಮೆಂಟನ್ನು ಬಳಿದು ಅವಸರದ ರಿಪೇರಿ ಮಾಡಿದರೆ ತೇವವು ಒಳಗೇ ಸಿಕ್ಕಿಕೊಂಡು ಗೋಡೆ ಮತ್ತಷ್ಟು ಬೇಗ ಹಾಳಾಗುತ್ತದೆ.

ಜಯಲಕ್ಷ್ಮೀ ವಿಲಾಸವೂ ಹೀಗೆ ಶಿಥಿಲವಾಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅದರ ಜೀರ್ಣೋದ್ಧಾರ ನಡೆದು ಭವನಕ್ಕೆ ಮತ್ತೆ ಕಳೆ ಬಂದಿತು. ಆದರೆ ಎರಡು ದಶಕಗಳು ಕಳೆಯುವುದರೊಳಗೆ ಕೆಲವು ಭಾಗಗಳು ಪುನಃ ದುರಸ್ತಿಯನ್ನು ಬೇಡಿದವು. ಇದರಿಂದ ತಿಳಿಯಬೇಕಾದ ಪಾಠ ಒಂದಿದೆ. ಒಮ್ಮೆ ದೊಡ್ಡ ಮೊತ್ತವನ್ನು ಖರ್ಚುಮಾಡಿ ಮನೆಯನ್ನು ಹೊಸದಾಗಿಸುವುದಕ್ಕಿಂತ ಪ್ರತಿವರ್ಷ ಚಾವಣಿಯನ್ನು ಹತ್ತಿ ನೋಡುವುದು ಮುಖ್ಯ. ಮೊದಲನೆಯದಕ್ಕೆ ದಾನಿಗಳು ದೊರೆಯುತ್ತಾರೆ, ಸಮಾರಂಭ ನಡೆಯುತ್ತದೆ. ಎರಡನೆಯದು ಯಾರ ಕಣ್ಣಿಗೂ ಬೀಳದ ಕೆಲಸ. ಮನೆಯನ್ನು ಉಳಿಸುವುದು ಮಾತ್ರ ಈ ಎರಡನೆಯ ಕೆಲಸವೇ.

ಈಗ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗಬಹುದು. ಜಯಲಕ್ಷ್ಮೀ ವಿಲಾಸವು ಯಾರದು? ಕಟ್ಟಿಸಿದವರದು ರಾಜಮನೆತನ, ಅದು ಅವರ ಕೈಬಿಟ್ಟಿತು. ಕೊಂಡದ್ದು ವಿಶ್ವವಿದ್ಯಾನಿಲಯ, ಅದು ಸಾರ್ವಜನಿಕರ ಸಂಸ್ಥೆ, ಎಂದರೆ ನಮ್ಮದೇ. ಬಾಳಿದವರು ಹಲವರು: ರಾಜಕುಮಾರಿ, ದಿವಾನರು, ಹೆಸರು ತಿಳಿಯದ ಸೇವಕರು, ವಿದ್ಯಾರ್ಥಿಗಳು, ವಿದ್ವಾಂಸರು. ಇವರಾರೂ ಅದನ್ನು ಸಂಗಡ ಕೊಂಡೊಯ್ಯಲಿಲ್ಲ. ಪ್ರತಿಯೊಬ್ಬರೂ ಕೆಲವು ಕಾಲ ಅದನ್ನು ಅನುಭವಿಸಿ ಮುಂದಿನವರಿಗೆ ಬಿಟ್ಟುಹೋದರು. ಆದ್ದರಿಂದ ಮನೆಯ ಒಡೆತನವೆಂಬುದು ಕಾಗದದ ಮೇಲಿನ ಹಕ್ಕಾಗಿರುವಂತೆಯೇ ಒಂದು ಹೊಣೆಯೂ ಹೌದು. ಹಕ್ಕು ಒಬ್ಬರಿಂದ ಒಬ್ಬರಿಗೆ ಕ್ರಯಪತ್ರದಿಂದ ಬರುತ್ತದೆ. ಹೊಣೆಯನ್ನು ಮಾತ್ರ ನಾವಾಗಿ ವಹಿಸಿಕೊಳ್ಳಬೇಕು.

ನಿಮ್ಮ ಊರುಗಳಲ್ಲಿಯೂ ಹಳೆಯ ಮನೆಗಳಿವೆ. ತೊಟ್ಟಿಯ ಮನೆಗಳು, ಕಂಬದ ಪಡಸಾಲೆಯ ಮನೆಗಳು, ಹಳೆಯ ಛತ್ರಗಳು, ಪ್ರವಾಸಿ ಬಂಗಲೆಗಳು ದಿನದಿನಕ್ಕೆ ಕಡಿಮೆಯಾಗುತ್ತಿವೆ. ಎಲ್ಲವನ್ನೂ ಉಳಿಸುವುದು ಸಾಧ್ಯವಿಲ್ಲ. ಜನರಿಗೆ ಹೊಸ ಮನೆಗಳೂ ಬೇಕು. ಆದರೆ ಕೆಡಹುವ ಮುನ್ನ ಅವುಗಳ ಚರಿತ್ರೆಯನ್ನಾದರೂ ತಿಳಿದು ಬರೆದಿಡಬಹುದು. ಮನೆಯ ಹಿರಿಯರನ್ನು ಕೇಳಿರಿ. ಈ ಮನೆಯನ್ನು ಕಟ್ಟಿಸಿದವರು ಯಾರು, ಮರ ಯಾವ ಕಾಡಿನಿಂದ ಬಂದಿತು, ಗಾರೆಯನ್ನು ಅರೆದವರು ಯಾರು, ಮಾರಿದವರು ಏಕೆ ಮಾರಿದರು, ಕೊಂಡವರು ಎಲ್ಲಿಂದ ಬಂದರು ಎಂದು ವಿಚಾರಿಸಿರಿ. ಕ್ರಯಪತ್ರಗಳಿದ್ದರೆ ಅವರ ಅನುಮತಿ ಪಡೆದು ಓದಿರಿ. ಒಡೆಯರ ಹೆಸರಿನ ಜೊತೆಗೆ, ಅಲ್ಲಿ ದುಡಿದವರ ಹೆಸರುಗಳನ್ನೂ ಕೇಳಿ ಬರೆದುಕೊಳ್ಳಿರಿ. ಅವರ ಹೆಸರುಗಳು ಪತ್ರಗಳಲ್ಲಿ ಇರುವುದಿಲ್ಲ. ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತವೆ. ಆ ನೆನಪು ಇರುವಾಗಲೇ ಈ ಕೆಲಸ ನಡೆಯಬೇಕು.

ಅಭ್ಯಾಸ

1. ಅರಿಕುಠಾರಕ್ಕೆ ಚಾಮರಾಜನಗರವೆಂಬ ಹೆಸರು ಬಂದ ಬಗೆಯನ್ನು ತಿಳಿಸಿರಿ.
2. ರಾಜಕುಮಾರಿಯರ ಭವನಗಳು ನಗರದ ಅಂಚಿನಲ್ಲಿ ನಿರ್ಮಾಣವಾಗಲು ಕಾರಣಗಳೇನು?
3. ಮೂರು ಭವನಗಳಿಗೆ ಸ್ವಾತಂತ್ರ್ಯಾನಂತರ ದೊರೆತ ಹೊಸ ಉಪಯೋಗಗಳನ್ನು ವಿವರಿಸಿರಿ.
4. 'ಮನೆ ಎಲ್ಲರದಾದಾಗ ಒಂದು ಅಪಾಯವೂ ಹುಟ್ಟಿಕೊಳ್ಳುತ್ತದೆ.' ಲೇಖಕರು ಹೀಗೆ ಹೇಳಲು ಕಾರಣವೇನು? ನಿಮ್ಮ ಊರಿನ ಉದಾಹರಣೆಯೊಂದನ್ನು ಕೊಟ್ಟು ವಿವರಿಸಿರಿ.
5. ನಿಮ್ಮ ಊರಿನ ಹಳೆಯ ಮನೆಯೊಂದರ ಚರಿತ್ರೆಯನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಪ್ರಬಂಧ ಬರೆಯಿರಿ.